ಎಲೆ ಚಾಚಾನ ಬರ್ಫದ ಪೆಟ್ಟಿಗೆ

ಬರ್ಫಕ್ಕೆ, ಅದೇ ಮಂಜುಗಡ್ಡೆಗೆ, ಜ್ವರ ಬಂದಿದೆಯೇ ಎಂದು ಮೈಮುಟ್ಟಿ ನೋಡಿದ ಮನುಷ್ಯ ಸವಣೂರಿನಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮ ಪಕ್ಕದ ಮನೆಯ ಎಲೆ ಚಾಚಾ. ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದುದರಿಂದ ಓಣಿಯವರು ಇಟ್ಟ ಹೆಸರು ಅದು. ನಿಜವಾದ ಹೆಸರನ್ನು ಬರೆಯುವುದಿಲ್ಲ. ಬರೆದರೆ ಜನ ಏನು ತಿಳಿದುಕೊಂಡಾರೋ ಎಂಬ ಚಿಂತೆ ಅವರಿಗೆ ಹತ್ತುತ್ತದೆ. ಇದ್ದ ಚಿಂತೆಗಳೇ ಅವರಿಗೆ ಬೇಕಾದಷ್ಟಿದ್ದವು.

ಬೇರೆಯವರು ಹೊತ್ತುಹೊತ್ತಿಗೆ ಊಟ ಮಾಡಿದಂತೆ ಚಾಚಾ ಹೊತ್ತುಹೊತ್ತಿಗೆ ಚಿಂತೆ ಮಾಡುತ್ತಿದ್ದರು. ಮಳೆ ಬಂದರೆ ಎಲೆ ಕೊಳೆಯುತ್ತದೆ, ಬಿಸಿಲು ಬಿದ್ದರೆ ಬಾಡುತ್ತದೆ, ಎರಡೂ ಇಲ್ಲದಿದ್ದರೆ ಎಲ್ಲೋ ಏನೋ ಮೋಸವಿದೆ! ಎಲೆ ಕಾಯುವ ಪದ್ಧತಿಯೂ ಹಾಗೇ ಇದೆ ಅನ್ನಿ. ಬುಟ್ಟಿಗೆ ಬಾಳೆ ಎಲೆ ಹಾಸಿ, ಕಟ್ಟುಗಳನ್ನು ಜೋಡಿಸಿ, ದಿನಕ್ಕೆರಡು ಸಲ ಬಿಚ್ಚಿ, ಕೊಳೆತದ್ದನ್ನು ಕಿತ್ತೆಸೆದು, ಕೆಳಗಿನದನ್ನು ಮೇಲಕ್ಕೆ ತಿರುವಿ, ನೀರು ಚಿಮುಕಿಸಿ ಮುಚ್ಚಬೇಕು. ಬೇರೆ ವ್ಯಾಪಾರಿಗಳು ಎರಡು ಸಲ ಮಾಡಿದರೆ ಚಾಚಾ ಎಂಟು ಸಲ. ಒಮ್ಮೆ ಆಳಿನ ಕೈಯಲ್ಲಿ ಹುಬ್ಬಳ್ಳಿಗೆ ಬುಟ್ಟಿ ಕಳಿಸಿ, ಅವನು ದಾರಿಯಲ್ಲಿ ನೀರು ಚಿಮುಕಿಸುತ್ತಾನೋ ಇಲ್ಲವೋ ಎಂದು ಹಿಂದಿನ ಮೋಟಾರಿನಲ್ಲಿ ತಾವೂ ಹೋದರು. ಆಳು ಸರಿಯಾಗಿಯೇ ಚಿಮುಕಿಸಿದ್ದ. ‘ಇಷ್ಟ ಚಂದ ಮಾಡ್ಯಾನಂದ್ರ ಅವನ ಮನಸಿನ್ಯಾಗ ಏನೋ ಐತಿ’ ಎಂದು ಹೊಸ ಚಿಂತೆಯೊಂದನ್ನು ಕಟ್ಟಿಕೊಂಡು ಮರಳಿದರು.

ಆದರೆ ನಾನು ಹೇಳುತ್ತಿರುವ ವರ್ಷ ಅವರ ಚಿಂತೆಗೆ ನಿಜವಾದ ಕಾರಣವಿತ್ತು. ಅವರ ತಾಯಿ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದರು. ಓಣಿಯವರೆಲ್ಲ ಅವರನ್ನು ಅಮ್ಮಾ ಎಂದೇ ಕರೆಯುತ್ತಿದ್ದೆವು. ಕುಮಟೆಯ ಕಡಲ ದಂಡೆಯಿಂದ ಲಗ್ನವಾಗಿ ಬಂದವರು. ಈಗ ರೊಟ್ಟಿ ಬೇಡ, ಗಂಜಿ ಬೇಡ, ಹಾಲೂ ಬೇಡ. ‘ಬಾಯಿಗೆ ರುಚಿಸಿದ್ದು ಏನಾರ ಕೊಡ್ರಿ. ಹೊಟ್ಟ್ಯಾಗ ಏನೂ ಹೋಗದಿದ್ರ ನನ್ನ ಔಷಧ ಏನ ಮಾಡ್ತೈತಿ’ ಎಂದು ಹಕೀಮರು ಕೈಚೆಲ್ಲಿದರು. ಏನು ಬೇಕೆಂದು ಚಾಚಾ ಕೇಳಿದಾಗ ಅಮ್ಮಾ ಹೇಳಿದ್ದು ಒಂದೇ ಮಾತು: ‘ತಾಜಾ ಬಂಗಡಿ ತಿನ್ನಬೇಕು ಅನಸ್ತೈತಿ.’ ಚಾಚಾ ಸಂತೆಗೆ ಓಡಿ ಒಣಗಿಸಿದ ಬಂಗಡೆ ಮೀನು ತಂದರು. ಅಮ್ಮಾ ಮುಖ ತಿರುವಿದರು. ‘ಇದು ಮೀನಲ್ಲೋ, ಮೀನಿನ ಸುದ್ದಿ’ ಎಂದರು.

ಸವಣೂರಿಗೂ ಸಮುದ್ರಕ್ಕೂ ಏನು ಸಂಬಂಧ? ನಡುವೆ ಹಾನಗಲ್ಲು, ಶಿರಸಿ, ಆಮೇಲೆ ಒಂದು ಘಟ್ಟ. ಅದೂ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ ಹೇಳಿದ ಮಾತು. ಏರು ಬಂದರೆ ನಾವೇ ಇಳಿದು ನೂಕುತ್ತಿದ್ದೆವು.

ಚಾಚಾ ಹಿಂಜರಿಯಲಿಲ್ಲ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಬರ್ಫ ಕೊಂಡು, ಕುಮಟೆಗೆ ಒಯ್ದು, ಅದರಲ್ಲಿ ಮೀನು ಇಟ್ಟು ತರುವುದೆಂದು ಹೊರಟರು. ಬರ್ಫವನ್ನು ಯಾವುದರಲ್ಲಿ ಇಟ್ಟರು ಗೊತ್ತೇ? ಎಲೆಬುಟ್ಟಿಯಲ್ಲಿ! ತಡಸದಲ್ಲಿ ಬಿಚ್ಚಿ ನೀರು ಚಿಮುಕಿಸಿದರು. ಶಿಗ್ಗಾಂವಿಯಲ್ಲಿ ಬಿಚ್ಚಿ, ಕೆಳಗಿನ ತುಂಡನ್ನು ಮೇಲಕ್ಕೆ ತಿರುವಿದರು. ಬಂಕಾಪುರದಲ್ಲಿ ಅಂಗೈ ಇಟ್ಟು ನೋಡಿದರು. ತಣ್ಣಗೇ ಇತ್ತು, ಆದರೂ ಯಾಕೋ ಸಪ್ಪಗಿದೆ ಅನ್ನಿಸಿ ಇನ್ನೊಂದಿಷ್ಟು ನೀರು ಹೊಡೆದರು. ಹಾನಗಲ್ಲಿಗೆ ಬರುವಷ್ಟರಲ್ಲಿ ಬರ್ಫ ತೆಂಗಿನಕಾಯಿಯಷ್ಟಾಗಿತ್ತು. ಶಿರಸಿಯಲ್ಲಿ ಬಿಚ್ಚಿದಾಗ ಬುಟ್ಟಿಯೊಳಗೆ ತಾಜಾ ಆಗಿದ್ದದ್ದು ಬಾಳೆ ಎಲೆ ಒಂದೇ.

ಅಲ್ಲಿಂದಲೇ ತಿರುಗಿ ಬಂದವರು ಸೀದಾ ನನ್ನ ಹತ್ತಿರ ಬಂದರು. ನಾನಾಗ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ.

‘ಮಾಸ್ತರ, ನೀವು ಮ್ಯಾಟ್ರಿಕ್ ಪಾಸಾದವ್ರು. ಬರ್ಫದ ಸ್ವಭಾವ ನಿಮಗ ತಿಳಿದಿರತೈತಿ. ಅದು ಯಾಕ ಹಿಂಗ ಮಾಡ್ತು?’

‘ಅದಕ್ಕ ನೀರು ಹೊಡೀಬಾರದ್ರಿ ಚಾಚಾ. ಬಿಚ್ಚಬಾರದು, ಮುಟ್ಟಬಾರದು.’

‘ನೋಡೂನೂ ಬಾರದೇನು?’

‘ನೋಡಬಾರದ್ರಿ.’

ಅವರು ಖಾಲಿ ಬುಟ್ಟಿಯನ್ನು ಕೆಳಗಿಟ್ಟರು. ‘ಹಂಗಾದ್ರ ನೀವೂ ಬರ್ರಿ. ನೋಡದ ಇರೂದು ನನ್ನ ಕೈಲೆ ಆಗಂಗಿಲ್ಲ’ ಎಂದರು.

ನಮ್ಮದು ಲಿಂಗಾಯತರ ಮನೆ. ಮೀನಿನ ಹೆಸರು ಹೇಳಿದರೂ ನಮ್ಮ ಅವ್ವ ಬಾಯಿ ಮುಕ್ಕಳಿಸಿ ಬಾ ಅನ್ನುವವಳು. ಶಿರಸಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದೆ. ಸುಳ್ಳೇನಲ್ಲವಲ್ಲ, ಮೋಟಾರು ಹೋಗುವುದು ಶಿರಸಿಯ ಮೇಲೆಯೇ!

ಬಡಿಗೇರನಿಂದ ಎರಡು ಪದರದ ಪೆಟ್ಟಿಗೆ ಮಾಡಿಸಿ, ನಡುವೆ ಕಟ್ಟಿಗೆಯ ಹೊಟ್ಟು ತುಂಬಿಸಿ, ನೀರು ಹೋಗಲು ಕೆಳಗೊಂದು ತೂತು ಕೊರೆಸಿ, ಮೇಲೆ ಬೀಗ ಜಡಿಸಿದೆ. ಬೀಗದ ಕೈ ನನ್ನ ಉಡದಾರದಲ್ಲಿ. ‘ನಾ ಅತಗೊಂತ ಕೇಳಿದ್ರೂ ಕೊಡಬ್ಯಾಡ್ರಿ’ ಎಂದು ಚಾಚಾ ಆಣೆ ಹಾಕಿಸಿಕೊಂಡರು. ಹುಬ್ಬಳ್ಳಿಯಲ್ಲಿ ಬರ್ಫ ತುಂಬಿ ಹೊರಟೆವು. ತಡಸ ಬರುವ ಮೊದಲೇ ಕೇಳಿದರು. ನಾನು ಕೊಡಲಿಲ್ಲ. ಬಂಕಾಪುರದಿಂದ ಮುಂದೆ ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತರು. ಹನಿ ತೊಟ್ಟಿಕ್ಕುವ ಸಪ್ಪಳ ಕೇಳಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು. ಎದುರಿಗೆ ಕುಳಿತ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, ‘ಒಳಗಿರಾವ್ರಿಗೆ ಏನ ಆಗೇತ್ರಿ ಪಾಪ?’ ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಕುಮಟೆಯಲ್ಲಿ ದೋಣಿಯ ಯಜಮಾನ, ಅಲ್ಲಿನವರು ತಾಂಡೇಲ ಅನ್ನುತ್ತಾರೆ, ನಾವೂ ದೋಣಿಯಲ್ಲಿ ಬರುತ್ತೇವೆ ಎಂದಾಗ ನಕ್ಕ. ‘ಮೀನು ದಂಡೆಗೇ ಬರ್ತದಲ್ಲ ಮಾರಾಯ್ರೆ, ನೀವು ಯಾಕೆ ದೋಣಿ ಹತ್ತೂದು?’

‘ದಂಡಿಗೆ ಬರೂದ್ರಾಗ ಅದು ಬಿಸಲಾಗ ಬಿದ್ದಿರತೈತ್ರಿ’ ಎಂದರು ಚಾಚಾ. ‘ನೀರಿನ್ಯಾಗಿಂದ ಎತ್ತಿದ ಕೂಡ್ಲೆ ಬರ್ಫಕ್ಕ ಹಾಕಬೇಕು. ಅಲ್ಲಿಂದ ಸವಣೂರು ಭಾಳ ದೂರ ಐತಿ.’

ಬೆಳಕು ಹರಿಯುವ ಹೊತ್ತಿಗೆ ಹಾಯಿದೋಣಿ ಹೊರಟಿತು. ದಂಡೆ ಕಾಣದಷ್ಟು ದೂರ ಹೋದೆವು. ನನ್ನ ಅವಸ್ಥೆಯನ್ನು ವರ್ಣಿಸುವುದಿಲ್ಲ. ಹೊಟ್ಟೆಯಲ್ಲಿದ್ದದ್ದು, ಇಲ್ಲದ್ದು ಎಲ್ಲ ಸಮುದ್ರಕ್ಕೆ ಹೋಯಿತು. ನೀವು ಹಿಡಿದ ಮೀನನ್ನು ಹೇಗೆ ಕಾಯುತ್ತೀರಿ ಎಂದು ಚಾಚಾ ತಾಂಡೇಲನನ್ನು ಕೇಳಿದರು. ಒದ್ದೆ ಗೋಣಿ ಮುಚ್ಚಿ ಆಗಾಗ ನೀರು ಎರಚುತ್ತೇವೆ ಎಂದ ಅವನು. ಚಾಚಾ ನನ್ನ ಕಡೆ ತಿರುಗಿದರು.

‘ಕೇಳಿದ್ರೇನು ಮಾಸ್ತರ? ಇಲ್ಲೂ ನೀರು ಹೊಡೀತಾರ.’

ಬಲೆ ಎಳೆದಾಗ ಬಂಗಡೆ ಬೆಳ್ಳಗೆ ಒದ್ದಾಡುತ್ತಾ ಬಂದವು. ನಾನು ತಲೆ ಎತ್ತಲಾರದೆ ಬೀಗದ ಕೈ ಬಿಚ್ಚಿಕೊಟ್ಟೆ. ಬರ್ಫ ಒಡೆದು, ಒಂದು ಸಾಲು ಬರ್ಫ, ಒಂದು ಸಾಲು ಮೀನು ಎಂದು ಇಪ್ಪತ್ತು ಬಂಗಡೆ ಜೋಡಿಸಿದರು. ತಾಂಡೇಲ ಬರ್ಫದ ಒಂದು ಚೂರು ಬಾಯಿಗೆ ಹಾಕಿಕೊಂಡು, ‘ಇದು ಸುಡ್ತದಲ್ಲ’ ಎಂದು ಅಂಗೈಗೆ ಉಗುಳಿಕೊಂಡ. ಅದು ಪೂರ್ತಿ ಕರಗುವವರೆಗೂ ಕೈಯನ್ನೇ ನೋಡುತ್ತ ನಿಂತ.

ಚಾಚಾ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ನನಗೇ ಮರಳಿಸಿದರು. ಅಷ್ಟರಲ್ಲಿ ಗಾಳಿ ನಿಂತುಹೋಯಿತು. ಹಾಯಿ ಜೋತುಬಿತ್ತು. ದೋಣಿ ಅಲುಗಲಿಲ್ಲ. ಬಿಸಿಲು ಏರತೊಡಗಿತು. ಚಾಚಾ ಕೋಟು ಬಿಚ್ಚಿ ಪೆಟ್ಟಿಗೆಗೆ ಹೊದಿಸಿದರು. ಅದೂ ಸಾಲದೆಂದು ಬಿಸಿಲಿಗೆ ಬೆನ್ನು ಕೊಟ್ಟು ಪೆಟ್ಟಿಗೆಗೆ ಅಡ್ಡ ನಿಂತರು. ಹೊತ್ತು ಸರಿದಂತೆ ತಾವೂ ಸರಿದರು.

‘ಕುಂತ್ಕೋರಿ ಚಾಚಾ’ ಎಂದೆ.

‘ನಾ ಕುಂತ್ರ ನೆಳ್ಳು ಸಣ್ಣದಾಗತೈತಿ.’

ನಗು ಬರಬೇಕಿತ್ತು, ಬರಲಿಲ್ಲ. ನನಗೂ ಹೆದರಿಕೆ ಹತ್ತಿತ್ತು. ನಾವು ಹೊರಟಾಗ ಅಮ್ಮಾ ಚಮಚದಲ್ಲಿ ಹಾಕಿದ ನೀರನ್ನಷ್ಟೇ ನುಂಗುತ್ತಿದ್ದರು. ನಾವು ಮುಟ್ಟುವವರೆಗೆ ಅವರು ಇರುತ್ತಾರೋ ಇಲ್ಲವೋ ಎಂದು ಇಬ್ಬರೂ ಯೋಚಿಸುತ್ತಿದ್ದೆವು. ಬಾಯಿಬಿಟ್ಟು ಆಡಿದ್ದು ಮಾತ್ರ ಬರ್ಫದ ಮಾತು. ಕೊನೆಗೆ ಗಾಳಿ ಎದ್ದು ದಂಡೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಓಡಿಹೋಗಿ ಮೋಟಾರು ಹಿಡಿದೆವು. ಶಿರಸಿಯಲ್ಲಿ ತಂಗಬೇಕಾಯಿತು. ಆ ರಾತ್ರಿ ಚಾಚಾ ಎಷ್ಟು ಸಲ ಎದ್ದರು ಎಂದು ನಾನು ಹೇಳುವುದಿಲ್ಲ, ನೀವು ನಂಬುವುದಿಲ್ಲ.

ಮರುದಿನ ಹಾನಗಲ್ಲಿನಲ್ಲಿ ಮೋಟಾರಿನ ಇದ್ದಿಲು ಆರಿತು. ಮತ್ತೆ ಹೊತ್ತಿಸಲು ಡ್ರೈವರ ಹೆಣಗಾಡುತ್ತಿದ್ದಾಗ ಚಾಚಾ ನನ್ನ ತೋಳು ಹಿಡಿದರು. ಮುಖ ಬಿಳಿಚಿತ್ತು.

‘ಮಾಸ್ತರ, ಹನಿ ನಿಂತೈತಿ.’

ಬೀಗ ತೆಗೆದೆ. ಬರ್ಫವೆಲ್ಲ ಕರಗಿ ಉಳಿದದ್ದು ನಾಲ್ಕೈದು ಅಂಗೈಯಗಲದ ತುಂಡು. ಅಲ್ಲಲ್ಲಿ ಮೀನು ಬರ್ಫದಿಂದ ದೂರ ಬಿದ್ದಿತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ನನ್ನ ಮ್ಯಾಟ್ರಿಕ್ ವಿದ್ಯೆಯೂ ಒಪ್ಪಿಕೊಂಡಿತು. ಚಾಚಾ ಅಂಗಿಯ ತೋಳು ಮಡಚಿ ಎರಡೂ ಕೈಯನ್ನು ಪೆಟ್ಟಿಗೆಗೆ ಇಳಿಸಿದರು. ಎಲೆ ತಿರುವಿದ ಹಾಗೆ ಮೀನು ತಿರುವತೊಡಗಿದರು. ಕೆಳಗಿನದು ಮೇಲೆ, ಮೇಲಿನದು ಕೆಳಗೆ, ಬರ್ಫದ ತುಂಡು ಪ್ರತಿಯೊಂದಕ್ಕೂ ತಾಗುವಂತೆ. ಮೈ ಮೆತ್ತಗಾದದ್ದನ್ನು ಬೆರಳಲ್ಲೇ ಗುರುತಿಸಿ ತೆಗೆದು ಹೊರಗೆ ಎಸೆಯುತ್ತಿದ್ದರು, ಬರ್ಫ ಉಳಿದವಕ್ಕೆ ಸಾಲಲಿ ಎಂದು. ನಾನು ಸ್ವಲ್ಪ ಹೊತ್ತು ಮಾಡುತ್ತೇನೆ ಎಂದರೆ, ‘ಇದು ನನ್ನ ಕಸಬ್ರೀ’ ಎಂದರು. ಆ ದನಿಯಲ್ಲಿ ಮೊದಲ ಸಲ ಚಿಂತೆ ಇರಲಿಲ್ಲ. ಬಂಕಾಪುರ ದಾಟಿದಾಗ ಎಂಟು ಮೀನು ಉಳಿದಿದ್ದವು. ಸವಣೂರಿನಲ್ಲಿ ಇಳಿದಾಗ ನಾಲ್ಕು. ನಾಲ್ಕಕ್ಕೂ ಕಣ್ಣು ಹೊಳೆಯುತ್ತಿತ್ತು.

ಮನೆಯ ಬಾಗಿಲಲ್ಲಿ ಅಳುವಿನ ಸಪ್ಪಳವಿರಲಿಲ್ಲ. ಚಾಚಾ ಅಲ್ಲೇ ಒಂದು ಗಳಿಗೆ ನಿಂತು ಅದನ್ನೇ ಕೇಳಿಸಿಕೊಂಡರು. ಆಮೇಲೆ ಮೀನು ಹಿಡಿದುಕೊಂಡು ಒಳಗೆ ನಡೆದರು, ಹಿಂದೆ ನಾನು. ಅಮ್ಮಾ ಕಣ್ಣು ತೆರೆದರು.

‘ಅಮ್ಮಾ, ನೋಡು. ತಾಜಾ ಬಂಗಡಿ.’

ಅಮ್ಮಾ ಮೀನು ನೋಡಲಿಲ್ಲ. ಅದನ್ನು ಹಿಡಿದ ಕೈ ನೋಡಿದರು. ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿತ್ತು, ಬೆರಳು ಸೆಟೆದುಕೊಂಡಿದ್ದವು.

‘ಕೈ ಹಿಂಗ್ಯಾಕ ಆಗ್ಯಾವೋ? ಇಲ್ಲಿ ಕೊಡು.’

‘ಮೊದ್ಲ ಮೀನು ನೋಡು, ಕೆಟ್ಟೀತು...’

‘ಮೀನು ಇರಲಿ. ಕೈ ಕೊಡು ಅಂದೆ.’

ಚಾಚಾ ಮೀನನ್ನು ನನ್ನ ಕೈಗೆ ಹಾಕಿದರು. ಅಮ್ಮಾ ಮಗನ ಎರಡೂ ಕೈಯನ್ನು ತಾವು ಹೊದ್ದ ಕೌದಿಯೊಳಗೆ ಎಳೆದುಕೊಂಡು ಎದೆಗೆ ಒತ್ತಿಕೊಂಡರು. ಐವತ್ತು ದಾಟಿದ ಆ ಮನುಷ್ಯ ಮಂಚದ ಅಂಚಿಗೆ ಹಣೆ ಹಚ್ಚಿ, ಸದ್ದಿಲ್ಲದೆ ಅತ್ತರು. ಆ ಸಂಜೆ ಅಮ್ಮಾ ಒಂದು ಇಡೀ ಬಂಗಡೆ ತಿಂದರು, ಆದರೆ ಅದು ಆಮೇಲಿನ ಮಾತು. ಆಗ ನಾನು ನಾಲ್ಕು ಮೀನು ಹಿಡಿದುಕೊಂಡು ನಿಂತಿದ್ದೆ. ನನ್ನ ಕೈಯಲ್ಲಿ ಅವು ಮೆಲ್ಲಗೆ ಬೆಚ್ಚಗಾಗುತ್ತಿದ್ದವು. ಚಾಚಾ ತಿರುಗಿಯೂ ನೋಡಲಿಲ್ಲ. ಹೇಳಲು ನನಗೂ ಮನಸ್ಸು ಬರಲಿಲ್ಲ.