ಹಿಮ್ಮಡಿಗೆ ಕ್ಯೂರಿಂಗ್

ನನ್ನ ಸೋದರಮಾವನಿಗೆ ಮನುಷ್ಯರಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಮನುಷ್ಯರ ಚರ್ಮದಲ್ಲಿ ಮಾತ್ರ ಅಪಾರ ಭಕ್ತಿ! ಬನಶಂಕರಿಯ ಅವರ ಮನೆಗೆ ಹೋದರೆ, "ಬಾ, ಕೂತ್ಕೊ" ಎನ್ನುವ ಮೊದಲೇ ನನ್ನ ಮುಂಗೈ ಹಿಡಿದು ಉಗುರಿನಿಂದ ಒಂದು ಗೆರೆ ಎಳೆಯುತ್ತಾರೆ. ಬಿಳಿಗೆರೆ ಮೂಡಿತೋ, ಮುಗಿಯಿತು. "ಏನಯ್ಯಾ ಇದು, ಹತ್ತು ವರ್ಷದಿಂದ ಸುಣ್ಣ ಕಾಣದಿರೋ ಕಾಂಪೌಂಡ್ ಇದ್ದ ಹಾಗಿದೆ!" ಐವತ್ತು ದಾಟಿದ, ಮನೆಯಲ್ಲಿ ಅಲ್ಲದಿದ್ದರೂ ಆಫೀಸಿನಲ್ಲಿ ಮರ್ಯಾದೆಯಿರುವ ನನಗೆ ಈ ಸ್ವಾಗತ. ಕಾಫಿ ಅದಾದ ಮೇಲೆ.

ಮಾವ ನಿವೃತ್ತ ಸಿವಿಲ್ ಎಂಜಿನಿಯರು. ಜನ್ಮವಿಡೀ ಗೋಡೆ ಕಟ್ಟಿಸಿದವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಚರ್ಮಕ್ಕೆ ಇಳಿದದ್ದು ಅತ್ತೆಯ ಹಿಮ್ಮಡಿಯ ದೆಸೆಯಿಂದ. ಅತ್ತೆಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಈ ಸಲ ಶಿವರಾತ್ರಿಯ ಒಣಹವೆಗೆ ಹಿಮ್ಮಡಿ ಬಿರಿಯಿತು. ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು: "ಈ ಬಿರುಕು ಹುಣ್ಣಾಗ್ಬಾರ್ದು ಅಮ್ಮ. ಹುಣ್ಣಾದ್ರೆ ಕಾಲಿಗೇ ಅಪಾಯ." ಹಚ್ಚಲು ಒಂದು ಮುಲಾಮು ಬರೆದುಕೊಟ್ಟರು.

ಹಚ್ಚುವುದು ಹೇಗೆ? ಅತ್ತೆಯ ಮಂಡಿ ಬಗ್ಗದು. ಮಾವ ತಾನು ಹಚ್ಚುತ್ತೇನೆಂದರೆ ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. "ರಾಮ ರಾಮ! ಗಂಡನ ಕೈಲಿ ಕಾಲು ಮುಟ್ಟಿಸ್ಕೊಂಡು ಮುಂದಿನ ಜನ್ಮಕ್ಕೆ ಏನಾಗಿ ಹುಟ್ಲಿ?"

"ಮೊದ್ಲು ಈ ಜನ್ಮಕ್ಕೆ ಕಾಲು ಉಳೀಲಿ ಕಣೇ!"

ಅತ್ತೆ ಜಗ್ಗಲಿಲ್ಲ. ದೋಸೆ ಮಗುಚುವ ಹಳೆಯ ಸಟ್ಟುಗಕ್ಕೆ ಬಟ್ಟೆ ಸುತ್ತಿ, ತುದಿಗೆ ಮುಲಾಮು ಮೆತ್ತಿ, ಕಾಲು ಇರಬಹುದಾದ ದಿಕ್ಕಿಗೆ ಬೀಸತೊಡಗಿದರು. ಅರ್ಧ ಹಿಮ್ಮಡಿಗೆ, ಅರ್ಧ ಮೊಸಾಯಿಕ್ ನೆಲಕ್ಕೆ. ಮೂರು ತಿಂಗಳಲ್ಲಿ ನೆಲ ಫಳಫಳ ಹೊಳೆಯಿತು. ಬಿರುಕು ಹಾಗೇ ಇತ್ತು.

ಮಾವ ಸ್ಥಳ ಪರಿಶೀಲನೆ ನಡೆಸಿದರು. ಸ್ನಾನ, ದೇವರ ದೀಪ, ಸ್ತೋತ್ರ, ತಿಂಡಿ, ಆಮೇಲೆ ಮುಲಾಮು: ಇದು ಅತ್ತೆಯ ಕ್ರಮ. ಮಾವ ಹಣೆ ಚಚ್ಚಿಕೊಂಡರು. "ಒಣಗಿದ ಗೋಡೆ ಮೇಲೆ ಯಾವನಾದ್ರೂ ಪ್ಲಾಸ್ಟರಿಂಗ್ ಮಾಡ್ತಾನೇನೇ? ಮೊದ್ಲು ನೀರು ಕುಡಿಸ್ಬೇಕು!"

ಮಾವ ಆಗಲೇ ಪುಸ್ತಕ ತರಿಸಿ ಓದಿಬಿಟ್ಟಿದ್ದರು. ಚರ್ಮದ ಮೇಲ್ಪದರವೆಂದರೆ ಇಟ್ಟಿಗೆ-ಗಾರೆಯ ಗೋಡೆಯೇ ಅಂತೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ನೀರು ಕುಡಿದರೆ ಇಟ್ಟಿಗೆ ಉಬ್ಬಿ, ಗಾರೆ ಸಡಿಲಾಗಿ ಔಷಧಕ್ಕೆ ದಾರಿ ಬಿಡುತ್ತದೆ. ಒಣಗಿದರೆ ಬಿಗಿದುಕೊಳ್ಳುತ್ತದೆ. ತೀರಾ ಒಣಗಿದರೆ ಗೋಡೆಯೇ ಬಿರಿದು ಕಂಡಕಂಡ ಕ್ರಿಮಿಗಳಿಗೆಲ್ಲ ಮಹಾದ್ವಾರ!

ಇದನ್ನು ಸಾಧಿಸಿ ತೋರಿಸಬೇಕಲ್ಲ? ಬಲಿಪಶು ನಾನೇ. ನನ್ನ ಎಡಗೈಯನ್ನು ಹತ್ತು ನಿಮಿಷ ಬಿಸಿನೀರಿನ ಬಕೆಟ್ಟಿನಲ್ಲಿ ಇರಿಸಿದರು. ಬಲಗೈ ಒಣಗಿಯೇ ಇತ್ತು. ಆಮೇಲೆ ಎರಡಕ್ಕೂ ನೋವಿನ ಮುಲಾಮು ತಿಕ್ಕಿದರು. ಬಲಗೈ ತೆಪ್ಪಗಿತ್ತು. ಎಡಗೈ ಬೆಂಕಿಗಿಟ್ಟ ಬದನೆಕಾಯಿಯಾಯಿತು!

"ಒಳಗೆ ಹೋಯ್ತೇನೋ?" ಮಾವ ಮಹದಾನಂದದಿಂದ ಕೇಳಿದರು.

"ಮೂಳೆಗೇ ಹೋಯ್ತು ಮಾವ, ನೀರು ಕೊಡಿ!"

"ನೀರಾ? ಇನ್ನೂ ಒಳಗೆ ಹೋಗುತ್ತೆ!"

ಮಾವನ ಸಿದ್ಧಾಂತ ಉದ್ಯಾನದ ಬೆಂಚಿಗೂ ತಲುಪಿತು. ವಾಕಿಂಗ್ ಗೆಳೆಯರೊಬ್ಬರು ಉತ್ಸಾಹ ತಡೆಯದೆ ಎರಡು ಗಂಟೆ ಟಬ್ಬಿನಲ್ಲಿ ಕಾಲಿಟ್ಟು ಕೂತು, ನೆನೆಹಾಕಿದ ಬಾದಾಮಿಯಂತೆ ಸಿಪ್ಪೆ ಸುಲಿಯುವ ಪಾದಗಳೊಂದಿಗೆ ಬಂದರು. ಮಾವ ಕನಿಕರಿಸಲಿಲ್ಲ. "ಕುಡಿಸಿ ಅಂದೆ ಸ್ವಾಮಿ, ಮುಳುಗಿಸಿ ಅನ್ಲಿಲ್ಲ! ನೆಂದ ಗೋಡೆ ಕುಸಿಯುತ್ತೆ."

ನಾನು ನಗಬೇಕೆಂದೇ ಬಾಯಿ ತೆರೆದೆ. ಮಾವ ತಮ್ಮ ಅಂಗೈ ದಿಟ್ಟಿಸುತ್ತಿದ್ದರು. "ಕಾಗದಕ್ಕಿಂತ ತೆಳು ಕಣೋ ಈ ಗೋಡೆ. ಮಳೇನ ಹೊರಗಿಡುತ್ತೆ, ರಕ್ತಾನ ಒಳಗಿಡುತ್ತೆ. ದಿನಾ ಉದುರಿ ದಿನಾ ತಾನೇ ಕಟ್ಕೊಳ್ಳುತ್ತೆ. ಮೇಸ್ತ್ರಿ ಇಲ್ಲ, ಟೆಂಡರ್ ಇಲ್ಲ. ನಾನು ಕಟ್ಸಿದ್ ಒಂದು ಗೋಡೆ ಹಿಂಗಿದ್ಯಾ?" ಅಂದಿನಿಂದ ನಾನೂ ಸ್ನಾನದ ಮನೆಯಲ್ಲಿ ನನ್ನ ತೋಳನ್ನು ಸ್ವಲ್ಪ ಗೌರವದಿಂದಲೇ ನೋಡುತ್ತೇನೆ.

ಹೊಸ ಕಾನೂನು ಜಾರಿಗೆ ಬಂತು: ಕಾಲು ಒರೆಸಿದ ಮೂರು ನಿಮಿಷದೊಳಗೆ ಮುಲಾಮು, ಮೇಲೆ ಹತ್ತಿಯ ಕಾಲುಚೀಲ. ಅದು ಹೊಸ ಗೋಡೆಗೆ ನೀರುಣಿಸುವ ಕ್ಯೂರಿಂಗಿನ ಒದ್ದೆ ಗೋಣಿಚೀಲದ ಸ್ಥಾನದಲ್ಲಿ! ಅತ್ತೆ ಬಚ್ಚಲಿಂದ ಹೊರಬಂದರೆ ಮಾವ ಕೈಗಡಿಯಾರ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ಆದರೆ ಅತ್ತೆ ದೇವರ ದೀಪ ಹಚ್ಚದೆ ಸಟ್ಟುಗ ಮುಟ್ಟುವವರಲ್ಲ. ದೇವರು ಗೆಲ್ಲುತ್ತಿದ್ದ, ಹಿಮ್ಮಡಿ ಒಣಗುತ್ತಿತ್ತು. ಆಷಾಢದಲ್ಲಿ ಬಿರುಕಿನ ತಳ ಕೆಂಪಾಯಿತು. ಮಾವ ಜೋಕು ನಿಲ್ಲಿಸಿದರು.

ಭೀಮನ ಅಮಾವಾಸ್ಯೆ ಬಂತು. ಹೆಂಡತಿ ಗಂಡನ ಪಾದಪೂಜೆ ಮಾಡುವ ಹಬ್ಬ. ನಾನು ಕಡುಬಿನ ಆಸೆಗೆ ಹಾಜರಿದ್ದೆ. ಅತ್ತೆ ಬಗ್ಗಲಾರರೆಂದು ಮಾವನ ಪಾದಗಳನ್ನು ಟೀಪಾಯಿಯ ಮೇಲೆ, ಹಿತ್ತಾಳೆ ತಟ್ಟೆಯಲ್ಲಿ ಪ್ರತಿಷ್ಠಾಪಿಸಲಾಯಿತು. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ತೊಳೆದರು, ಅರಿಶಿನ ಕುಂಕುಮ ಹಚ್ಚಿದರು, ಹೂವೇರಿಸಿ ಆರತಿ ಎತ್ತಿದರು. "ಆಶೀರ್ವಾದ ಮಾಡಿ" ಎಂದರು.

ಮಾವ ಕೈ ಎತ್ತಲಿಲ್ಲ. "ಇವತ್ತು ನಾನು ನಿಂಗೆ ದೇವ್ರು ತಾನೆ?"

"ಇವತ್ತೊಂದಿನ" ಎಂದರು ಅತ್ತೆ, ಹುಷಾರಾಗಿ.

"ದೇವ್ರ ಮಾತು ಮೀರ್ಬಾರ್ದು. ಕಾಲು ಇಡು."

ದೇವರು ಟೀಪಾಯಿಯಿಂದ ಇಳಿದು, ಪಾದದ ಕುಂಕುಮ ನೆಲಕ್ಕೆ ಅಂಟಿಸುತ್ತ ಹೋಗಿ, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಿತು. ಅತ್ತೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ನೀರು ಕದಡಿದ ಸದ್ದು ಕೇಳಿಸಿತು.

"ಟೈಮ್ ನೋಡ್ಕೊಳ್ಳೋ" ಎಂದರು ಮಾವ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿದರು. ಹಿಮ್ಮಡಿ ಇನ್ನೂ ತೇವವಿರುವಾಗಲೇ ಹೆಬ್ಬೆರಳಿನಿಂದ ಮುಲಾಮು ಸವರತೊಡಗಿದರು. ಬಿರುಕಿನ ಹತ್ತಿರ ಬಂದಾಗ ಬೆರಳು ನಿಧಾನವಾಯಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಕಾಲು ಮಾತ್ರ ಎಳೆದುಕೊಳ್ಳಲಿಲ್ಲ.

"ಮಾವ, ಮೂರು ನಿಮಿಷ ಆಯ್ತು" ಎಂದೆ.

ಸೆರಗಿನೊಳಗಿಂದ ಅತ್ತೆಯ ದನಿ ಬಂತು: "ನಿನ್ ಗಡಿಯಾರ ಫಾಸ್ಟ್ ಇದೆ ಕಣೋ."