ನಾಲ್ಕು ಬೆರಳು ಕೆಳಗೆ

ನಮ್ಮ ಮನೆಯಲ್ಲಿ ನನ್ನ ಅನುಕೂಲಕ್ಕೆಂದು ಯಾವ ಕೆಲಸ ಶುರುವಾದರೂ, ಅದು ಮುಗಿಯುವ ಹೊತ್ತಿಗೆ ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಅನುಕೂಲವಾಗಿರುತ್ತದೆ. ನನಗೆಂದು ತಂದ ವಾಷಿಂಗ್ ಮಷಿನ್ನಿನ ಮೇಲೆ ಯಜಮಾನರ ಹೆಲ್ಮೆಟ್ಟು, ಹಳೇ ಪೇಪರು ಕೂತಿವೆ. ನನಗೆ ಬಟ್ಟೆ ಒಣಗಿಸಲೆಂದು ಬಾಲ್ಕನಿಗೆ ಹಾಕಿಸಿದ ತಗಡಿನ ಕೆಳಗೆ ಅವರ ಸ್ಕೂಟರಿನ ಟೈರುಗಳಿವೆ. ಅಡಿಗೆಮನೆ ಮಾತ್ರ ಬೇರೆ ಆದೀತು ಅಂತ ನಾನು ಯಾಕೆ ನಂಬಿದೆನೋ ಗೊತ್ತಿಲ್ಲ.

ನಾವು ವಿಜಯಪುರದ ಕಡೆಯವರು. ಯಜಮಾನರು ರೈಲ್ವೆ ಆಫೀಸಿನಲ್ಲಿದ್ದಾರೆ, ಮನೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ. ಅಡಿಗೆಮನೆ ಎಷ್ಟು ಸಣ್ಣದೆಂದರೆ, ಒಳಗಿದ್ದವರು ಹೊರಗೆ ಬಂದ ಮೇಲೆಯೇ ಇನ್ನೊಬ್ಬರು ಒಳಗೆ ಹೋಗಬೇಕು. ಅಲ್ಲೇ ನೆಲಕ್ಕೆ ಕೂತು ದಿನಾ ಜೋಳದ ರೊಟ್ಟಿ ಬಡಿದು ಬಡಿದು ನನ್ನ ಮೊಣಕಾಲು ಹೋದವು. ಇನ್ನು ನೆಲಕ್ಕೆ ಕೂಡಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೇ ಅಡಿಗೆಮನೆ ಒಡೆಸುವ ಮಾತು ಬಂದದ್ದು. ನಾನು ಕೇಳಿದ್ದು ಒಂದೇ. ಕಿಟಕಿ ಪಕ್ಕದ ಕಟ್ಟೆ ಉಳಿದದ್ದಕ್ಕಿಂತ ನಾಲ್ಕು ಬೆರಳು ಕೆಳಗಿರಲಿ. ನಾನು ಕುಳ್ಳಿ, ರೊಟ್ಟಿ ಬಡಿಯಬೇಕಾದರೆ ಕೈ ಮೇಲಿನಿಂದ ಬೀಳಬೇಕು. ಎದೆಮಟ್ಟದ ಕಟ್ಟೆಯ ಮೇಲೆ ರೊಟ್ಟಿಯನ್ನು ಸವರಬಹುದು, ಬಡಿಯಲಾಗುವುದಿಲ್ಲ.

ಯೂಸರ್ ಯಾರು

ಮಣಿಕೊಂಡದ ಕಿಚನ್ ಕಂಪನಿಯಿಂದ ಒಬ್ಬ ಡಿಸೈನರ್ ಬಂದ. ಲ್ಯಾಪ್‌ಟಾಪ್ ತೆರೆದು, "ಕಿಚನ್ ಕಾ ಮೇನ್ ಯೂಸರ್ ಕೌನ್ ಹೈ?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು "ಮೈಂ" ಅಂದರು. ಅವನು ಅವರ ಹೆಸರನ್ನೇ ಬರೆದುಕೊಂಡ. ಇದೇನ್ರೀ ಅಂದೆ.

"ಓಟಿಪಿ ನನ್ನ ನಂಬರಿಗೆ ಬರತೈತಿ. ನಿನ್ನ ಹೆಸರು ತಗೊಂಡು ಏನ್ ಮಾಡ್ತಾರ?" ಅಂದರು.

ಆದರೂ ಬಿಡದೆ, ನನ್ನ ಹರಕುಮುರುಕು ತೆಲುಗಿನಲ್ಲಿ ಕಟ್ಟೆ ಕೆಳಗಿರಬೇಕೆಂದು ಹೇಳಿದೆ. ಯಾಕೆ ಅಂತ ಕೇಳಿದ. ಜೋಳದ ರೊಟ್ಟಿ ಬಡಿಯೋಕೆ ಅಂದೆ. ಅವನ ಮುಖ ಅರಳಿತು. "ಜೊನ್ನ ರೊಟ್ಟೆನಾ ಆಂಟೀ? ಮಾ ಅಮ್ಮ ರೋಜೂ ಚೇಸ್ತದಿ" ಅಂದ. ಅವನ ತಾಯಿಯೂ ದಿನಾ ಮಾಡುತ್ತಾಳಂತೆ. ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ನಿಮ್ಮ ತಾಯಿಗೆ ಕಟ್ಟೆ ಎಷ್ಟೆತ್ತರ ಮಾಡಿಕೊಟ್ಟಿದ್ದೀಯಪ್ಪಾ ಎಂದು ಕೇಳಿದೆ. ಅಮ್ಮನಿಗೆ ಕಟ್ಟೆ ಯಾಕೆ ಆಂಟೀ, ಅವಳು ನೆಲದ ಮೇಲೇ ಕೂತು ಮಾಡುತ್ತಾಳೆ ಎಂದು ಹೇಳಿ ಮುಂದಿನ ಚಿತ್ರ ತೆಗೆದ.

ಸತ್ತ ಮೂಲೆ

ಅಡಿಗೆಮನೆಯಲ್ಲಿ ಕೈಗೆಟುಕದ ಮೂಲೆಗೆ ಡಿಸೈನರನ ಭಾಷೆಯಲ್ಲಿ ಸತ್ತ ಮೂಲೆ ಎನ್ನುತ್ತಾರೆ. ಅದಕ್ಕೆ ಜೀವ ಕೊಡಲು ಗರಗರ ತಿರುಗುವ ತಟ್ಟೆಗಳನ್ನು ಹಾಕಿಸಿದರು. ನನ್ನ ಜೋಳದ ಹಿಟ್ಟಿನ ಡಬ್ಬಿ ಅದರಲ್ಲಿ ಹಿಡಿಸಲಿಲ್ಲ. ಡಬ್ಬಿ ದೊಡ್ಡದಾಯಿತು, ಸಣ್ಣದು ತಗೋ ಅಂದರು ಯಜಮಾನರು. ತಟ್ಟೆ ಸಣ್ಣದಾಯಿತು ಅಂತ ಯಾರೂ ಅನ್ನಲಿಲ್ಲ.

ಮನೆಗೆ ಯಾರು ಬಂದರೂ ಮೊದಲು ಆ ತಟ್ಟೆ ತಿರುಗಿಸಿ ತೋರಿಸುವುದು ಅವರ ಕೆಲಸವಾಯಿತು. ಒಂದು ದಿನ ಅವರ ಸಾಹೇಬರು ಬಂದಿದ್ದರು. ಸಾಹೇಬರ ಮುಂದೆ ಹುರುಪು ಹೆಚ್ಚಾಗಿ ಜೋರಾಗಿಯೇ ತಿರುಗಿಸಿದರು. ಗುರೆಳ್ಳು ಹಿಂಡಿಯ ಡಬ್ಬಿ, ಬೆಲ್ಲದ ಡಬ್ಬಿ ಎರಡೂ ಹಾರಿ ಹಿಂದಿನ ಸಂದಿಗೆ ಬಿದ್ದು ಮುಚ್ಚಳ ಬಿಚ್ಚಿಕೊಂಡವು. ಅಲ್ಲಿಗೆ ಕೈ ಹೋಗುವುದಿಲ್ಲ, ಪೊರಕೆಯೂ ಹೋಗುವುದಿಲ್ಲ. ವಾರದೊಳಗೆ ಇರುವೆ ಬಂದವು, ಹಿಂದೆಯೇ ಜಿರಲೆ ಬಂದವು. ನಿಜವಾಗಿಯೂ ಆ ಮೂಲೆಗೆ ಜೀವ ಬಂತು.

ಉದ್ದನೆಯ ಕಪಾಟು

ಬಾಗಿಲ ಪಕ್ಕದಲ್ಲಿ ಒಂದು ಗೇಣು ಜಾಗ ಹಾಳಾಗುತ್ತಿತ್ತಂತೆ. ಅಲ್ಲಿ ನೆಲದಿಂದ ಸೂರಿನವರೆಗೆ, ಹಿಡಿದು ಎಳೆದರೆ ಪೂರಾ ಹೊರಗೆ ಬರುವ ದಿನಸಿ ಕಪಾಟು ಕೂತಿತು. ಅದು ಹೊರಗೆ ಬಂದರೆ ಬಾಗಿಲಿಗೇ ಅಡ್ಡ ನಿಲ್ಲುತ್ತದೆ ಎನ್ನುವುದನ್ನು ಲ್ಯಾಪ್‌ಟಾಪಿನ ಚಿತ್ರದಲ್ಲಿ ಯಾರೂ ನೋಡಿರಲಿಲ್ಲ. ಚಿತ್ರದಲ್ಲಿ ಅಡಿಗೆಮನೆಯೊಳಗೆ ಮನುಷ್ಯರೇ ಇರಲಿಲ್ಲ.

ಒಂದು ಭಾನುವಾರ ಬೇಳೆ ತೆಗೆಯಲು ಎಳೆದೆ, ಹೊರಗೆ ಬಂದದ್ದು ಹಾಗೇ ಸಿಕ್ಕಿಬಿತ್ತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ನಾನು ಒಳಗೇ ಉಳಿದೆ. ಯಜಮಾನರು ಬಂದು ಎಣ್ಣೆ ಡಬ್ಬಿ, ಸಕ್ಕರೆ ಡಬ್ಬಿಗಳ ನಡುವಿನ ಸಂದಿಯಲ್ಲಿ ಇಣುಕಿ ನೋಡಿದರು. ಕಂಪನಿಗೆ ಫೋನ್ ಮಾಡಿದರು. ಭಾನುವಾರ, ಜನ ಬರುವುದು ಮಧ್ಯಾಹ್ನವಾಗುತ್ತದೆ ಅಂದರಂತೆ. ಗಾಬರಿ ಆಗಬ್ಯಾಡ ಎಂದು ನನಗೆ ಧೈರ್ಯ ಹೇಳಿದರು. ಆಮೇಲೆ ಅವರೇ ಅಂದರು, "ಹೆಂಗೂ ಒಳಗs ಅದೀಯಲ್ಲ, ಒಂದ್ ಕಪ್ ಚಹಾ ಮಾಡಿ ಈ ಸಂದ್ಯಾಗ ಕೊಟ್ಟುಬಿಡು."

ಸ್ಟ್ಯಾಂಡರ್ಡ್

ಕಪಾಟು ಬಿಡಿಸಲು ಸನತ್‌ನಗರದ ಕಾರ್ಖಾನೆಯಿಂದ ಬಂದವನು ನಮ್ಮ ಕಡೆಯವನೇ, ಯಾದಗಿರಿಯವನು. ಕಟ್ಟೆಗಳನ್ನು ಕೂಡಿಸಿದವನೂ ಅವನೇ ಅಂತೆ. ಕನ್ನಡ ಕೇಳಿ ಸಮಾಧಾನವಾಗಿ ನನ್ನ ಸಂಕಟ ಹೇಳಿಕೊಂಡೆ. ಕಿಟಕಿ ಪಕ್ಕದ ಕಟ್ಟೆಯೂ ಉಳಿದವುಗಳ ಎತ್ತರಕ್ಕೇ ಬಂದು ಕೂತಿತ್ತು. ಆದರೆ ಅದು ಗೋಡೆಗೆ ಅಂಟಿರಲಿಲ್ಲ, ತಾನೇ ಒಂದು ಬೇರೆ ಪೆಟ್ಟಿಗೆ. ಅದನ್ನಷ್ಟೇ ನಾಲ್ಕು ಬೆರಳು ಇಳಿಸಿಕೊಡು ಅಂದೆ.

"ಆಗಂಗಿಲ್ರಿ ಅಕ್ಕಾರ. ಇದು ಸ್ಟ್ಯಾಂಡರ್ಡ್ ಐತಿ. ಕೂದಲೆಳಿ ಸುದ್ದಾ ಸರಿಯಂಗಿಲ್ಲ."

ಕೂಡುವ ಮಣೆಯನ್ನೇ ನೆಲಕ್ಕಿಟ್ಟು, ಅದರ ಮೇಲೆ ನಿಂತು ರೊಟ್ಟಿ ಬಡಿಯತೊಡಗಿದೆ. ಮಣೆಯ ಎತ್ತರ ಸಾಲದೆ, ಹೆಗಲೆತ್ತಿಯೇ ಬಡಿಯಬೇಕಾಗಿ ಬಲಗಡೆಯ ಹೆಗಲು ಹಿಡಿದುಕೊಂಡಿತು. ತೋರಿಸಲು ಹೋದಾಗ ಡಾಕ್ಟರು ಮೊದಲು ಮೊಣಕಾಲು ಮುಟ್ಟಿ ನೋಡಿ, ಭಾಳ ಸುಧಾರಿಸಿದೆ, ಅಡಿಗೆಮನೆ ಮಾಡಿಸಿದ್ದು ಒಳ್ಳೆಯದಾಯಿತು ಎಂದರು. ಯಜಮಾನರು ಎದೆಯುಬ್ಬಿಸಿ ಕೂತರು. ಮತ್ತೆ ಈಗ ಏನು ತೊಂದರೆ ಎಂದು ಕೇಳಿದಾಗ ನಾನು ಹೆಗಲು ತೋರಿಸಿದೆ. ಡಾಕ್ಟರು ನಕ್ಕು, ಹೊಸ ಅಡಿಗೆಮನೆಗೆ ಕೈಯೆತ್ತಿ ಬಣ್ಣವನ್ನೂ ನೀವೇ ಹೊಡೆದಿರಾ ಎಂದು ಕೇಳಿದರು.

ಚಹಾ

ಹೆಗಲು ನೋವಿಗೆ ಮಾತ್ರೆ ನುಂಗಿ ಮಲಗಿದ್ದ ಒಂದು ರಜಾದಿನ ಯಜಮಾನರು ತಾವೇ ಚಹಾ ಮಾಡಿದರು. ಮದುವೆಯಾದ ಮೇಲೆ ಮೊದಲನೇ ಸಲ. ಕಿಟಕಿ ಪಕ್ಕದ ಕಟ್ಟೆಯ ಮೇಲೆ ಶುಂಠಿ ಜಜ್ಜುವ ಸದ್ದು ಕೇಳಿ ನನಗೆ ಅಳು ಬರುವ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಅವರು ಲೋಟ ಹಿಡಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದರು.

"ಆ ಕಟ್ಟಿ ಎಷ್ಟು ಕೆಳಗ ಐತಿ. ಬಗ್ಗಿ ಬಗ್ಗಿ ಸೊಂಟ ಹೋತು. ದಿನಾ ಹೆಂಗ ಮಾಡ್ತೀ ನೀನು? ಮೊದಲs ಹೇಳಬಾರದಾ?"

ನಾನು ಎದ್ದು ಕೂಡುವಷ್ಟರಲ್ಲಿ ಅವರು ಕಂಪನಿಗೆ ಫೋನ್ ಹಚ್ಚಿದ್ದರು. ಅವತ್ತು ಸಂಜೆಯೇ ಯಾದಗಿರಿಯವನು ಹಾಜರಾದ. ಕಟ್ಟೆಯ ಬುಡದಲ್ಲಿ ಅಡ್ಡ ಹಚ್ಚಿದ್ದ ಪಟ್ಟಿ ಕಿತ್ತ. ಒಳಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಯಜಮಾನರು ಕಟ್ಟೆಯನ್ನು ಸ್ವಲ್ಪ ಎತ್ತಿ ಹಿಡಿದರು, ಇವನು ಉಪ್ಪಿನಕಾಯಿ ಭರಣಿಯ ಮುಚ್ಚಳ ತಿರುವಿದಂತೆ ಒಂದೊಂದೇ ಕಾಲನ್ನು ಬರಿಗೈಯಲ್ಲಿ ತಿರುವಿದ. ಕಟ್ಟೆ ಎರಡು ಬೆರಳು ಮೇಲೆ ಹೋಯಿತು.

"ಇದು ಸ್ಟ್ಯಾಂಡರ್ಡ್ ಐತಿ ಅಂದಿದ್ದಿಯಲ್ಲೋ" ಅಂದೆ.

"ಹೌದ್ರಿ. ಆದ್ರ ಈಗ ಸರ್ ಹೇಳ್ಯಾರಲ್ರಿ."

"ಕೆಳಗೂ ಇಳೀತೈತೇನು?"

"ಇಳಿಸೂದು ಇನ್ನೂ ಸಸಾರರಿ. ಏರಿಸಾಕ ಇಬ್ಬರು ಬೇಕು, ಇಳಿಸಾಕ ಒಬ್ಬರs ಸಾಕು. ಅದರ ಭಾರಕ್ಕ ಅದs ಕುಂದರತೈತಿ."

ಅವನು ಹೋದ ಮೇಲೆ ಯಜಮಾನರು ಕಟ್ಟೆಯ ಮೇಲೆ ಅಂಗೈ ಬಡಿದು ನೋಡಿ, "ಈಗ ಪಸಂದ್ ಆತು. ಇನ್ನ ನಿನಗ ಬಗ್ಗೂ ತ್ರಾಸ ಇಲ್ಲ" ಅಂದರು. ನನಗೆ ಬಂದ ಸಿಟ್ಟಿಗೆ ಆ ಚಹಾದ ಲೋಟವನ್ನು ಅವರ ತಲೆಯ ಮೇಲೆ ಬೋರಲು ಹಾಕಬೇಕೆನಿಸಿತು. ಹಾಕಲಿಲ್ಲ, ತೊಳೆದಿಟ್ಟೆ.

ಮರುದಿನ ಅವರು ಆಫೀಸಿಗೆ ಹೋದರು. ನಾನು ಪಟ್ಟಿ ಕಿತ್ತು, ಡಾಕ್ಟರು ಬೇಡವೆಂದ ನೆಲದ ಮೇಲೆಯೇ ಕೂತು, ನಾಲ್ಕೂ ಕಾಲುಗಳನ್ನು ತಿರುವಿದೆ. ಏರಿದ್ದ ಎರಡು ಬೆರಳನ್ನೂ ಇಳಿಸಿ, ಅಲ್ಲಿಂದ ನನ್ನ ನಾಲ್ಕು ಬೆರಳನ್ನೂ ಇಳಿಸಿದೆ. ಕಿತ್ತ ಪಟ್ಟಿ ಮತ್ತೆ ಕೂಡಲಿಲ್ಲ, ಫ್ರಿಜ್ಜಿನ ಹಿಂದೆ ತಳ್ಳಿದೆ. ಮಧ್ಯಾಹ್ನ ಮೊದಲ ರೊಟ್ಟಿ ಬಡಿದಾಗ ಕೈ ಸರಿಯಾಗಿ ಮೇಲಿನಿಂದಲೇ ಬಿತ್ತು.

ಇದಾಗಿ ಎಷ್ಟೋ ತಿಂಗಳಾದವು. ಕಟ್ಟೆ ಏರಿಸಿ ಹೆಂಡತಿಯ ಕಷ್ಟ ಕಳೆದ ಕಥೆಯನ್ನು ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ, ಆ ಕಟ್ಟೆಯ ಮುಂದೆಯೇ ನಿಂತು ಹೇಳುತ್ತಾರೆ. ಅದು ಇಳಿದಿರುವುದು ಅವರಿಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗಬೇಕಾದರೆ ಎರಡನೇ ಸಲ ಚಹಾ ಮಾಡಬೇಕಲ್ಲ.