ಕೂಲಂಟ್ ಕಳ್ಳನ ಮೋಜಣಿ

ಇಂಥಾವು ನನಗೇ ಯಾಕ ಆಗತಾವೋ ಗೊತ್ತಿಲ್ಲ, ಆದ್ರ ಆಗ್ತಾನೇ ಇರತಾವ. ನಾ ರಾಯಚೂರಾಗ ಮೋಜಣಿದಾರ ಇದ್ದೆ, ಅಂದ್ರ ಸರ್ಕಾರದ ಕಡಿಂದ ಹೊಲ ಅಳಿಯೋ ಕೆಲಸ. ಮಾನ್ವಿ, ದೇವದುರ್ಗ ತಾಲೂಕಿನಾಗ ನಾ ತುಳೀಲಾರದ ಬದು ಇಲ್ಲ. ಈ ಕೆಲಸದಾಗ ಯಾರ ಮಾತೂ ನಂಬಂಗಿಲ್ಲ. ಅಣ್ಣ ಹೇಳಿದ್ದು ತಮ್ಮ ಒಪ್ಪಂಗಿಲ್ಲ. ಇಬ್ರೂ ಒಪ್ಪಿದ್ರ ನಮಗ ಇನ್ನಾ ಜಾಸ್ತಿ ಸಂಶಯ. ರಿಟೈರ್ ಆದ ಮ್ಯಾಲ ಸಂಶಯ ಪಡಾಕ ಹೊಲ ಇರಲಿಲ್ಲ. ಅದಕ್ಕ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ.

೧. ಮೂರು ಬೆರಳು

ಕಾರಿನ ಕತಿಗಿಂತ ಮೊದ್ಲು ಈ ಹೊಲದ ಕತಿ ಕೇಳ್ರಿ. ನಾ ಎಲ್ಲಾರ ಮುಂದೂ ಹೇಳೋ ಕತಿ ಇದು. ನಮ್ಮ ಬಾಜೂ ಮನಿಯಾಗ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದ ಡ್ರೈವರ್ರು ಅದಾರ. ಅವ್ರಿಗಂತೂ ಎಷ್ಟು ಸಲ ಹೇಳೀನೋ ನನಗೇ ನೆನಪಿಲ್ಲ. ನಾ "ಮಾನ್ವಿ ಕಡೆ ಒಂದ್ಸಲ" ಅಂದ್ರ ಸಾಕು, ಅವ್ರು ಚಾ ಕಪ್ಪು ಕೆಳಗಿಟ್ಟು ಕೈ ಕಟ್ಟಿಕೊಂಡು ಕೂಡ್ರತಾರ.

ಮಾನ್ವಿ ಕಡೆ ಒಂದ್ಸಲ ಒಂದು ಉದ್ದನ್ನ ಗದ್ದಿ ಅಳದ್ವಿ. ಮುಂಜಾನಿ ಥಂಡಿನ್ಯಾಗ ಕಬ್ಬಿಣದ ಸರಪಳಿ ಹಿಡದು ಅಳದಿದ್ದು. ಬಾಜೂ ಹೊಲದವ ತಕರಾರು ತೆಗದ. ಅವನ ಸಮಾಧಾನಕ್ಕ ಮಧ್ಯಾಹ್ನ ಇನ್ನೊಮ್ಮೆ ಅಳದ್ವಿ. ಮೂರು ಬೆರಳು ಕಮ್ಮಿ ಬಂತು. ಗದ್ದಿ ಮಾಲಕ ಅಲ್ಲೇ ಕುಂತುಬಿಟ್ಟ. "ಮುಂಜಾನಿಂದ ಮಧ್ಯಾಹ್ನದೊಳಗ ನನ್ನ ಮೂರು ಬೆರಳು ಹೊಲ ಯಾರು ತಿಂದ್ರು?" ಅಂದ. ಬಾಜೂ ಹೊಲದವನ ಕಡೆ ಒಮ್ಮೆ ನೋಡಿದ, ನನ್ನ ಕಡೆ ಎರಡು ಸಲ ನೋಡಿದ.

ನಾ ಸಮಾಧಾನದಿಂದ ಹೇಳಿದೆ. "ಯಪ್ಪಾ, ಹೊಲ ಎಲ್ಲಿಗೂ ಹೋಗಿಲ್ಲ. ಬಿಸಿಲಿಗೆ ಸರಪಳಿ ಕಾದು ಹಿಗ್ಗ್ಯಾದ. ಥಂಡಿ ಇದ್ದಾಗ ಒಂದು, ಬಿಸಿ ಇದ್ದಾಗ ಒಂದು ಅಳದು, ಎರಡೂ ಹೋಲಿಸಿ ಕಳ್ಳನ್ನ ಹುಡುಕಿದ್ರ ಊರಾಗ ಎಲ್ಲಾರೂ ಕಳ್ಳರೇ."

ಅವ ಎದ್ದು ಧೋತರದ ಧೂಳು ಜಾಡಿಸಿಕೊಂಡ. ಆಮ್ಯಾಲ ನನ್ನ ಕಿವಿ ಹತ್ರ ಬಂದು ಅಂದ, "ಹಂಗಾದ್ರ ಸಾಹೇಬ್ರ, ಕಂದಾಯಕ್ಕ ಮಧ್ಯಾಹ್ನದ ಅಳತಿ ಬರಕೋರ್ರಿ. ನಾ ಹೊಲ ಮಾರೋವಾಗ ಮುಂಜಾನಿ ಅಳತಿ ಇರಲಿ."

೨. ತಲಿ ಕೆಡತದ

ಕಾರು ತಗೊಂಡ ಮರದಿನ ರಾಯಚೂರು ಸ್ಟೇಷನ್ ರಸ್ತೆದಾಗಿನ ಒಬ್ಬ ಮೆಕ್ಯಾನಿಕ್ ಹತ್ರ ಒಯ್ದೆ. ಮಾರಿದವ ಏನೇನು ಮುಚ್ಚಿಟ್ಟಾನ ನೋಡು ಅಂದೆ. ಅವ ಬಾನೆಟ್ ಎತ್ತಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ತೋರ್ಸಿದ. ಒಳಗ ಹಸರು ನೀರು, ಹೊರಗ ಎರಡು ಗೆರಿ.

"ಇದು ಕೂಲಂಟ್ ಸರ್. ಇಂಜಿನ್ ಬಾಳ ಕಾಯಲಾರದಂಗ ನೋಡಿಕೊಳ್ಳೋದು ಇದೇ. ಯಾವಾಗ್ಲೂ ಈ ಎರಡು ಗೆರಿ ನಡುವ ಇರಬೇಕು. ಮುಂಜಾನಿ ಗಾಡಿ ಚಾಲೂ ಮಾಡೋಕಿಂತ ಮೊದ್ಲು ನೋಡ್ರಿ. ಕಮ್ಮಿ ಇದ್ರ ಆವಾಗೇ ಹಾಕ್ರಿ. ಓಡಿಸಿ ಬಂದ ಮ್ಯಾಲ ಮುಚ್ಚಳ ಮುಟ್ಟಬ್ಯಾಡ್ರಿ." ಹಂಗಂದು ತನ್ನ ಮುಂಗೈ ಮುಂದ ಮಾಡಿದ. ಮೊಣಕೈತನ ಸುಟ್ಟ ಕಲೆ. "ಒಂದೇ ಸಲ ಅವಸರ ಮಾಡಿದ್ದೆ. ಮುಚ್ಚಳ ಹಾರಿತು, ಕುದಿಯೋ ನೀರು ಮೈಮ್ಯಾಲ ಬಂತು."

ಕಲೆ ಕಣ್ಣಿಗೆ ಕಂಡಿತ್ತು, ಅದಕ್ಕ ಮುಚ್ಚಳದ ಮಾತು ನಂಬಿದೆ. ಉಳದದ್ದು ನಂಬಲಿಲ್ಲ. ಮುಂಜಾನಿನೇ ನೋಡ್ರಿ ಅಂತ ಯಾಕ ಒತ್ತಿ ಒತ್ತಿ ಹೇಳಿದ? ಸಂಜಿಕ ನೋಡಿದ್ರ ಕಾಣೋದು ಏನದ, ಅದನ್ನ ಯಾಕ ಮುಚ್ಚತಾನ? ಮುಚ್ಚಳ ತೆಗೀದೇ, ಹೊರಗಿಂದನೇ ಸಂಜಿಕೂ ನೋಡಬೇಕು ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆ. ಹೊಂಡೋವಾಗ ಸುಮ್ನ ಕೇಳಿದಂಗ ಕೇಳಿದೆ, "ಅಲ್ಲೋ, ಸಂಜಿಕ ನೋಡಿದ್ರ ಏನಾಗತದ?"

ಅವ ನಟ್ ತಿರುವೋ ಪಾನಾ ಒರಸ್ಕೋತ ಅಂದ, "ಇಂಜಿನ್‌ಗೇನೂ ಆಗಂಗಿಲ್ಲ ಸರ್. ನೋಡಿದವ್ರ ತಲಿ ಕೆಡತದ."

೩. ನೀರು ಹಾಕಿದವ್ರು ಯಾರು

ಒಂದು ಬಾಟ್ಲಿ ಮನ್ಯಾಗ ಇರಲಿ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವ ಬಾಟ್ಲಿ ಕೊಟ್ಟು, "ಇದಕ್ಕ ಸಮ ಸಮ ಶುದ್ಧ ನೀರು ಬೆರಸ್ರಿ, ಬ್ಯಾಟರಿಗೆ ಹಾಕೋ ನೀರು. ಬೋರ್ ನೀರು ಹಾಕಿದ್ರ ಒಳಗ ಸುಣ್ಣ ಕಟ್ಟತದ" ಅಂದ.

"ನಮ್ಮ ಹಾಲಿನವ ಪಾಪ ಕದ್ದು ನೀರು ಹಾಕತಾನ. ನೀ ನನ್ನ ಕೈಲೇ ಹಾಕಸ್ತೀಯಲ್ಲೋ" ಅಂದೆ.

ಅವ ಬ್ಯಾರೆ ಬಾಟ್ಲಿ ತೆಗದ. "ಹಂಗಾದ್ರ ಇದು ತಗೋರ್ರಿ. ಇದಕ್ಕ ನೀರು ಬೆರಸಂಗಿಲ್ಲ. ತಯಾರು ಮಾಡಿದವ್ರೇ ಬೆರಸಿರತಾರ. ನಿಮ್ಮ ಕಾರಿನಾಗ ಇರೋ ನಮೂನೀದೇ ಇದು. ಎರಡು ನಮೂನಿ ಮಾತ್ರ ಕೂಡಿಸಬ್ಯಾಡ್ರಿ."

"ಅವ್ರು ಎಷ್ಟು ಹಾಕ್ಯಾರ ಅಂತ ನೀ ನೋಡೀಯೇನು?"

ಅಂಗಡಿಯವ ನನ್ನ ಮಾರಿ ದಿಟ್ಟಿಸಿ ನೋಡಿದ. "ಸರ್, ನೀವು ಮೋಜಣಿ ಸಾಹೇಬ್ರಲ್ಲೇನು? ನಮ್ಮಪ್ಪನ ಹೊಲ ಅಳದವ್ರು ನೀವೇ. ಅವತ್ತು ನಮ್ಮಪ್ಪ ನಿಮಗ ಹಿಂಗೇ ಕೇಳಿದ್ದಕ್ಕ ನೀವು ಅವನ್ನ ಹೊಲದಿಂದ ಹೊರಗ ನಿಂದ್ರಿಸಿದ್ರಿ."

ನಾ ರೊಕ್ಕ ಕೊಟ್ಟು, ಬಾಟ್ಲಿ ತಗೊಂಡು ನಾನಾಗೇ ಹೊರಗ ಬಂದೆ.

೪. ವಿಷ

ಕೂಲಂಟ್ ಬಾಯಿಗೆ ಸಿಹಿ ಹತ್ತತದಂತ. ಕೂಸು, ನಾಯಿ ನೆಕ್ಕಿದ್ರ ಜೀವಕ್ಕೇ ಬರತದ, ಎತ್ತರಕ್ಕ ಇಡ್ರಿ ಅಂತ ಆ ಅಂಗಡಿಯವನೇ ಹೇಳಿ ಕಳಸಿದ್ದ. ಅವನ ಮಾತಿನಾಗ ಇದೊಂದು ನಂಬಿದೆ. ಕೆಟ್ಟ ಸುದ್ದಿ ನಾ ಲಗೂನ ನಂಬತೀನಿ. ಬಾಟ್ಲಿ ಮ್ಯಾಲ ದಪ್ಪ ಅಕ್ಷರದಾಗ 'ವಿಷ' ಅಂತ ಬರದು, ಪೇಪರಿನ್ಯಾಗ ಸುತ್ತಿ, ಸ್ಟೂಲ್ ಹತ್ತಿ ಅಟ್ಟದ ಮ್ಯಾಲ ಇಡಾಕತ್ತಿದ್ದೆ. ಹಿಂದಿಂದ ನಮ್ಮಾಕಿ ಬಂದ್ಲು.

"ಏನದು?"

"ಕೂಲಂಟ್."

"ಕಾರಿನ ಸಾಮಾನಿಗೆ ಪೇಪರ್ ಯಾಕ? ಅಟ್ಟ ಯಾಕ? ನಾ ಬಂದ ಕೂಡ್ಲೆ ಕೈ ಯಾಕ ನಡಗತದ?"

"ಸ್ಟೂಲ್ ಅಳ್ಳಾಡತದ. ಇದು ವಿಷ, ಬರದೀನಿ ನೋಡು" ಅಂತ ಪೇಪರ್ ಬಿಚ್ಚಿ ತೋರ್ಸಿದೆ.

ಆಕಿ ಓದಿದ್ಲು. "ನಮ್ಮಣ್ಣನೂ ತನ್ನ ಬಾಟ್ಲಿ ಮ್ಯಾಲ ಹಿಂಗೇ ಬರದಿದ್ದ. ದಿನಾ ಊಟಕ್ಕಿಂತ ಮೊದ್ಲು ಒಂದೀಟು ವಿಷ ಕುಡೀತಿದ್ದ."

೫. ಗೆರಿ

ಈಗ ಖರೇ ತಕರಾರಿಗೆ ಬರತೀನಿ. ನಮ್ಮ ಮನಿಗೂ ಡ್ರೈವರ್ರ ಮನಿಗೂ ಒಂದೇ ಅಂಗಳ, ಒಂದೇ ಗೇಟು. ಅವ್ರ ಕಾರು, ನನ್ನ ಕಾರು ಒಂದೇ ಮಾಡಲ್ಲು. ಇಷ್ಟೇ ಅಲ್ಲ, ದೇವದುರ್ಗದಾಗ ಇರೋ ಅವ್ರ ತಂಗಿ ಮಗನಿಗೆ ನನ್ನ ಮಗಳನ್ನ ಕೊಡೋ ಮಾತು ನಡದಿತ್ತು. ಹುಡುಗ ದನದ ದವಾಖಾನಿಯಾಗ ಕೆಲಸಕ್ಕ ಇದ್ದ. ಹುಡುಗ ಹುಡುಗಿ ಒಪ್ಪಿದ್ರು, ನಡುವ ನಿಂತು ಮಾತಾಡಿಸಿದವ್ರು ಡ್ರೈವರ್ರೇ. ನಿಶ್ಚಯ ಒಂದು ಬಾಕಿ.

ಮೊದಲ್ನೇ ದಿನ ಸಂಜಿಕ ಊರಾಗ ಸುತ್ತಾಡಿ ಬಂದು ಬಾನೆಟ್ ಎತ್ತಿದೆ. ಹಸರು ನೀರು ಎಲ್ಲಿತನ ಅದ ನೋಡಿ, ಡಬ್ಬಿ ಮ್ಯಾಲ ಮಾರ್ಕರಿನಿಂದ ಗೆರಿ ಎಳದು, ಬಾಜೂಕ ತಾರೀಖು ಹಾಕಿ ಸಹಿ ಮಾಡಿದೆ. ಮುಂಜಾನಿ ನೋಡಿದ್ರ ಒಂದು ಬೆರಳು ಕೆಳಗ. ಕೆಳಗ ಒಂದು ಹನಿ ಸೋರಿಲ್ಲ, ಗೇಟಿಗೆ ಕೀಲಿ ಹಂಗೇ ಅದ. ಕಮ್ಮಿ ಬಿದ್ದಷ್ಟು ನನ್ನ ಬಾಟ್ಲಿಂದ ಗೆರಿತನ ಹಾಕಿದೆ. ಓಡಿಸಿದ ದಿನ ಮತ್ತ ಸಂಜಿಕ ನೋಡಿ ಹೊಸಾ ಗೆರಿ, ಮತ್ತ ಮುಂಜಾನಿ ಒಂದು ಬೆರಳು ಕಮ್ಮಿ. ಗೇಟಿನೊಳಗ ಇಂಜಿನ್ ಕೆಲಸ ಗೊತ್ತಿದ್ದವ್ರು ಒಬ್ರೇ ಒಬ್ರು. ಕೂಲಂಟ್ ಬೇಕಾದ ಕಾರೂ ಅವ್ರ ಹತ್ರನೇ ಅದ.

ಮಗಳು ಒಮ್ಮೆ, "ಅಪ್ಪಾ, ಇಂಜಿನ್ ಬಿಸಿ ಇದ್ದಾಗ..." ಅಂತ ಏನೋ ಹೇಳಾಕ ಬಂದ್ಲು. "ನೀ ಆ ಮನಿಗೆ ಹೋಗಾಕಿ, ನಿನ್ನ ಸಾಕ್ಷಿ ನಡೆಯಂಗಿಲ್ಲ" ಅಂತ ಬಾಯಿ ಮುಚ್ಚಿಸಿದೆ.

ಡ್ರೈವರ್ರು ದಿನದಂಗ ಚಾಕ್ಕ ಕರದ್ರು. ಹೊಟ್ಟಿ ಸರಿಯಿಲ್ಲ ಅಂದೆ. ಮೂರು ವಾರ ನನ್ನ ಹೊಟ್ಟಿ ಸರಿ ಆಗಲೇ ಇಲ್ಲ. ಮಾವ ಕೂಲಂಟ್ ಕದಿಯೋವ ಆದ್ರ ಅಳಿಯ ಏನೇನು ಕದ್ದಾನು? ನಿಶ್ಚಯ ಈಗ ಬ್ಯಾಡ ಅಂತ ಮನ್ಯಾಗ ಹೇಳಿಬಿಟ್ಟೆ. ಮಗಳು ತಾಟು ಬಿಟ್ಟು ಎದ್ದು ಹೋದ್ಲು. ಆಕಿ ಮಾರಿ ನೋಡಿ ನನಗ ಬಾಳ ಸಂಕಟ ಆತು. ಆದ್ರ ಗೆರಿ ಸುಳ್ಳು ಹೇಳಂಗಿಲ್ಲಲ್ಲ.

ಎಂಟು ಗೆರಿ ಆದ ಮ್ಯಾಲ ಕಾಯ್ದೆಶೀರ ಪಂಚನಾಮೆ ಬರದು, ಸಾಕ್ಷಿ ಸಹಿ ಹಾಕು ಅಂತ ನಮ್ಮಾಕಿ ಮುಂದ ಹಿಡದೆ. ಆಕಿ ಕನ್ನಡಕ ಹಾಕಿಕೊಂಡು ಪೂರಾ ಓದಿ, ತಿರುಗಿ ನನ್ನ ಕೈಯಾಗೇ ಇಟ್ಲು. "ತವರಿನ ಆಸ್ತಿ ಹಂಚೋವಾಗೇ ನಾ ಸಹಿ ಹಾಕಿಲ್ಲ. ನಿಮ್ಮ ಹಸರು ನೀರಿಗೆ ಹಾಕತೀನೇನು?"

೬. ಅಳದಿಲ್ಲ

ಆ ವಾರದಾಗೇ ಪೋತ್ನಾಳದಾಗ ಇರೋ ತಂಗಿ ಮನಿಗೆ ಹೊಂಟಿದ್ದೆ. ಮಾನ್ವಿ ದಾಟಿದ ಮ್ಯಾಲ ಮನಸು ತಡೀಲಿಲ್ಲ. ಗದ್ದಿ ಬಾಜೂಕ ಕಾರು ನಿಂದ್ರಿಸಿ, ಬಾನೆಟ್ ಎತ್ತಿ, ಸ್ಕೇಲ್ ಹಿಡದು ಡಬ್ಬಿ ಅಳದು ವಹಿಯಾಗ ಬರಕೊಳ್ಳಾಕತ್ತೆ. ಗದ್ದಿಯಾಗಿನ ನಾಕು ಮಂದಿ ಕಾಲು ತೊಳಕೊಂಡು ಮ್ಯಾಲ ಬಂದ್ರು.

"ಗಾಡಿ ಕಾದದ ಏನ್ರಿ? ಕಾಲುವಿ ನೀರು ತರತೀವಿ" ಅಂತ ಒಬ್ಬ ಟವಲ್ ಹಿಡದು ಮುಚ್ಚಳಕ್ಕ ಕೈ ಹಾಕಾಕ ಹೋದ. ನಾ ಗಪ್ಪನ ಅವನ ಕೈ ಹಿಡದೆ. "ಮುಟ್ಟಬ್ಯಾಡ್ರಿ, ಕೈ ಸುಡತದ. ಪೂರಾ ಆರೋತನ ತೆಗಿಯಂಗಿಲ್ಲ."

ಅವ್ರು ಒಬ್ಬರ ಮಾರಿ ಒಬ್ರು ನೋಡಿದ್ರು. "ತೆಗದು ತೋರ್ಸಲಾರದಂಥಾದ್ದು ಒಳಗೇನದ?" ಅಂದ ಒಬ್ಬ. ಇನ್ನೊಬ್ಬ ನನ್ನ ಗುರುತು ಹಿಡದ. "ಲೇ, ಇವ್ರು ಮೋಜಣಿ ಸಾಹೇಬ್ರು. ರಸ್ತಾ ಅಗಲ ಮಾಡತಾರ ಅಂತ ಸುದ್ದಿ ಇತ್ತಲ್ಲ, ಗುಟ್ಟಾಗಿ ಅಳಿಯಾಕ ಬಂದಾರ."

"ನಾ ರಿಟೈರ್ ಆಗೀನಪ್ಪ."

"ರಿಟೈರ್ ಆದವ್ರ ಕೈಯಾಗ ಸ್ಕೇಲ್ ಯಾಕ?"

ನಾ ಸ್ಕೇಲ್ ಬೆನ್ನ ಹಿಂದ ಸರಿಸಿದೆ. 'ಈ ಗದ್ದಿ ನಾ ಅಳದಿಲ್ಲ' ಅಂತ ವಹಿ ಹಾಳಿ ಹರದು ಬರಕೊಟ್ಟ ಮ್ಯಾಲೇ ದಾರಿ ಬಿಟ್ರು. ಕಾರು ಚಾಲೂ ಮಾಡಿದೆ ಅನ್ನೋದ್ರಾಗ ಆಚೆ ಗದ್ದಿಯವ ಓಡಿಕೋತ ಬಂದು ಕಿಡಕಿ ಹಿಡಕೊಂಡ. "ಸಾಹೇಬ್ರ, ನಂದೂ ಅಳದಿಲ್ಲ ಅಂತ ಒಂದು ಬರಕೊಡ್ರಿ. ಅವ್ರದು ಅಷ್ಟೇ ಅಳದಿಲ್ಲ ಅಂದ್ರ ನಂದು ಅಳದೀರಿ ಅಂತಾಗತದ."

೭. ದೇವದುರ್ಗ

ಕಡೀಕ ನಮ್ಮಾಕಿನೇ ತೀರ್ಮಾನ ಮಾಡಿದ್ಲು. "ಮಾತು ಮುರಿಯೋದಿದ್ರ ಅವ್ರ ಮನಿಗೆ ಹೋಗಿ, ಮಾರಿ ನೋಡಿ ಮುರೀರಿ" ಅಂದ್ಲು. ಒಂದು ಮುಂಜಾನಿ ಎಂಟನೇ ಗೆರಿತನ ಕೂಲಂಟ್ ತುಂಬಿಸಿ ಹೊಂಟೆ. ಹಿಂದ ತಾಯಿ ಮಗಳು, ಮುಂದ ನನ್ನ ಬಾಜೂಕ ಡ್ರೈವರ್ರು, ನಡುವ ನಿಂತವ್ರು ಬರಲಿ ಅಂತ ನಮ್ಮಾಕಿನೇ ಕರದಿದ್ಲು. 

ಹುಡುಗನ ಮನಿ ಮುಂದ ಕಾರು ನಿಂದ್ರಿಸಿದ್ರ ಬಾನೆಟ್ ಕೆಳಗಿಂದ ಹಸರು ನೀರು ತಟಕ್ ತಟಕ್ ಬೀಳಾಕತ್ತಿತ್ತು. ಡ್ರೈವರ್ರು ಬಗ್ಗಿ ನೋಡಿದ್ರು. ಒಳಗ ಮಂಡಾಳ ಒಗ್ಗರಣಿ, ಮಿರ್ಚಿ ತಂದಿಟ್ರು. ಹುಡುಗನ ಅಜ್ಜಿ ಗೋಡೆಗೆ ಆನಿಕೊಂಡು ಕುಂತಿದ್ಲು. ಆಕಿ ಸುತ್ತಿ ಬಳಸಿ ಕೇಳೋ ಪೈಕಿ ಅಲ್ಲ. "ಮೂರು ವಾರ ಆತು, ನಿಮ್ಮ ಕಡಿಂದ ಸುದ್ದಿ ಇಲ್ಲ. ನಮ್ಮ ಹುಡುಗನ್ಯಾಗ ಏನು ಕೊರತಿ ಕಂಡ್ರಿ?" ಅಂದ್ಲು.

ನಾನೂ ಮುಚ್ಚಿಡಲಿಲ್ಲ. ಕೂಲಂಟ್, ಗೆರಿ, ಡ್ರೈವರ್ರು, ಎಲ್ಲಾ ಹೇಳಿಬಿಟ್ಟೆ. ಹುಡುಗ ಕೈಯಾಗಿನ ತಾಟು ಕೆಳಗಿಟ್ಟ. ಮಗಳು ತಲಿ ಎತ್ತಲಿಲ್ಲ. ಡ್ರೈವರ್ರು ಸಿಟ್ಟಾಗತಾರ ಅಂತ ಕಾಯ್ದೆ. ಅವ್ರು, "ಇಂಜಿನ್ ಆರಲಿ, ಎಲ್ಲಾರೂ ಕೂಡೇ ನೋಡೋಣು" ಅಂದು ಕೈ ಕಟ್ಟಿಕೊಂಡು ಕುಂತ್ರು. ಆರಾಕ ತಾಸಿನ ಮ್ಯಾಲ ಆತು. ಆ ತಾಸಿನಾಗ ಯಾರೂ ಒಂದು ಮಿರ್ಚಿ ಮುಟ್ಟಲಿಲ್ಲ.

ಆಮ್ಯಾಲ ಎಲ್ಲಾರೂ ಬಿಸಿಲಾಗ ಬಾನೆಟ್ ಸುತ್ತ ನಿಂತ್ವಿ, ನಾ ಕಾರಿನಾಗಿಂದ ಸ್ಕೇಲ್ ತಗೊಂಡು ನಿಂತೆ. ಅಜ್ಜಿನ್ನೂ ಕೈ ಹಿಡದು ಕರಕೊಂಡು ಬಂದ್ರು. ಡ್ರೈವರ್ರು ಡಬ್ಬಿ ಮುಟ್ಟಿ ನೋಡಿ, ಗೆರಿ ಎಣಿಸಿದ್ರು.

"ಸರ್, ಮೊದಲ್ನೇ ಗೆರಿ ಕಂಪನಿಯವ್ರ ಎರಡು ಗೆರಿ ನಡುವ ಅದ. ಎಂಟನೇದು ಅವ್ರ ಮ್ಯಾಲಿನ ಗೆರಿ ದಾಟಿ ಮುಚ್ಚಳಕ್ಕ ಹತ್ತ್ಯಾದ, ಹೆಚ್ಚಾದದ್ದೇ ಹೊರಗ ಸೋರ್ಯಾದ. ಕಳ್ಳ ದಿನಾ ಕದ್ರ ಗೆರಿ ಕೆಳಗ ಇಳೀಬೇಕು. ಇವು ಮ್ಯಾಲ ಯಾಕ ಏರ್ಯಾವ?"

"ಪ್ರತಿ ಸಲ ಸಂಜಿಕ ಮ್ಯಾಲ ಇರತಿತ್ತು, ಮುಂಜಾನಿ ಇಳದಿರತಿತ್ತು" ಅಂದೆ.

"ಸಂಜಿಕ ಅಂದ್ರ ಓಡಿಸಿ ಬಂದ ಮ್ಯಾಲೋ?"

"ಹೂಂ."

ಡ್ರೈವರ್ರು ಕೈ ಕಟ್ಟಿಕೊಂಡು ನಿಂತ್ರು. "ಸರ್, ನಿಮ್ಮ ಮೂರು ಬೆರಳಿನ ಕತಿ ಇವ್ರು ಯಾರೂ ಕೇಳಿಲ್ಲ. ಒಂದು ಸಲ ಹೇಳ್ರಿ."

ಎಂಥಾ ಹೊತ್ತಿನಾಗ ಕೇಳಿದ್ರೂ ಆ ಕತಿ ಹೇಳಾಕ ನಾ ತಯಾರ. ಶುರು ಮಾಡೇಬಿಟ್ಟೆ. ಮಾನ್ವಿ ಕಡೆ ಒಂದ್ಸಲ ಅಂದೆ, ಗದ್ದಿ ಅಂದೆ, ಮೂರು ಬೆರಳು ಕಮ್ಮಿ ಬಂತು ಅಂದೆ. "ಯಪ್ಪಾ, ಹೊಲ ಎಲ್ಲಿಗೂ ಹೋಗಿಲ್ಲ, ಬಿಸಿಲಿಗೆ ಸರಪಳಿ ಕಾದು..." ಅನ್ನೋತನ ಬಂದೆ. ಅಲ್ಲಿಗೆ ನನ್ನ ಬಾಯಿ ನಿಂತಿತು.

"ಮುಂದ?" ಅಂದ್ರು ಡ್ರೈವರ್ರು.

ಮುಂದಿಂದು ಮಗಳು ಹೇಳಿದ್ಲು, ಸಣ್ಣ ದನಿಯಾಗ. "ಥಂಡಿ ಇದ್ದಾಗ ಒಂದು, ಬಿಸಿ ಇದ್ದಾಗ ಒಂದು ಅಳದು, ಎರಡೂ ಹೋಲಿಸಿ ಕಳ್ಳನ್ನ ಹುಡುಕಿದ್ರ ಊರಾಗ ಎಲ್ಲಾರೂ ಕಳ್ಳರೇ. ಅಪ್ಪಾ, ಅವತ್ತು ನಾ ಇದನ್ನೇ ಹೇಳಾಕ ಬಂದಿದ್ದೆ."

ನನಗ ನೆಲ ಬಿರದು ಒಳಗ ತಗೊಂಡ್ರ ಸಾಕಾಗಿತ್ತು. ಜೀವನಪೂರಾ ಮಂದಿಗೆ ಅಳತಿ ಪಾಠ ಹೇಳಿದವ, ಮಗಳ ಬಾಳು ಕೆಡಿಸೋತನ ಬಂದಿದ್ದೆ. ಡ್ರೈವರ್ರ ಕೈ ಹಿಡದು ತಪ್ಪಾತು ಅಂದೆ. ಅವ್ರು ಕೈ ಬಿಡಿಸಿಕೊಳ್ಳಲಿಲ್ಲ. "ಇರಲಿ ಬಿಡ್ರಿ. ನಾಳಿಂದ ಚಾಕ್ಕ ಬರ್ರಿ, ಕತಿ ಕೇಳಲಾರದ ನನಗೂ ಬ್ಯಾಸರ ಆಗ್ಯಾದ" ಅಂದ್ರು. ಮಗಳು ಆವಾಗ ತಲಿ ಎತ್ತಿದ್ಲು. ಸ್ಕೇಲು ಇನ್ನೂ ನನ್ನ ಕೈಯಾಗೇ ಇತ್ತು.

ಅಜ್ಜಿಗೆ ಕಿವಿ ಮಂದ. ಏನಾತು ಅಂತ ಮೊಮ್ಮಗನ್ನ ಕೇಳಿದ್ಲು. ಕಾದಾಗ ಹಿಗ್ಗತದ, ಆರಿದಾಗ ಇಳೀತದ, ಅದಕ್ಕ ಮುಂಜಾನಿ ಥಂಡಿನ್ಯಾಗ ಅಳೀಬೇಕು ಅಂತ ಅವ ತಿಳಿಸಿ ಹೇಳಿದ. ಆಕಿ ಬಿಸಿಲಾಗ ಬೆವತು ನಿಂತ ಮೊಮ್ಮಗನ್ನ ತಲಿಯಿಂದ ಪಾದದತನ ನೋಡಿದ್ಲು, ನನ್ನ ಕೈಯಾಗಿನ ಸ್ಕೇಲ್ ನೋಡಿದ್ಲು.

"ಹಂಗಾದ್ರ ಹೇಳ್ರಿ ಬೀಗರ, ನಮ್ಮ ಹುಡುಗನ್ನ ಈಗೇ ಒಪ್ಪತೀರೋ, ಇಲ್ಲಾ ನಾಳಿ ಮುಂಜಾನಿ ಥಂಡಿನ್ಯಾಗ ಬಂದು ಇನ್ನೊಮ್ಮೆ ಅಳದು ನೋಡತೀರೋ?"